ಗರ್ಭದಲ್ಲಿ ಎಲ್ಲ ಮಕ್ಕಳೂ ಮೊದಲು ಹೆಣ್ಣಾಗಿಯೇ ಇರುತ್ತವೆ ಎನ್ನುವುದು ನಿಜವೇ?

ಹಾಗೆ ಹೇಳುವವರು ಬಹಳ, ಆದರೆ ಮಾತು ಅರ್ಧ ಸರಿ ಅಷ್ಟೆ. ವರ್ಣತಂತುಗಳ ಲೆಕ್ಕ ಗರ್ಭ ಕಟ್ಟುವಾಗಲೇ ಮುಗಿದಿರುತ್ತದೆ: ಸಾಮಾನ್ಯವಾಗಿ ಎಕ್ಸ್‌ಎಕ್ಸ್ ಹೆಣ್ಣು, ಎಕ್ಸ್‌ವೈ ಗಂಡು. ಆದರೂ ಸುಮಾರು ಆರು ವಾರ ಭ್ರೂಣ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ವೃಷಣವೋ ಅಂಡಾಶಯವೋ ಆಗಬಲ್ಲ ಒಂದು ಜೊತೆ ಗ್ರಂಥಿ, ಪಕ್ಕದಲ್ಲಿ ಎರಡೂ ಬಗೆಯ ನಾಳಗಳು.

ಆಗ ವೈ ವರ್ಣತಂತುವಿನ ಎಸ್‌ಆರ್‌ವೈ ಎಂಬ ಜೀನ್ ಎಚ್ಚೆತ್ತರೆ ಗ್ರಂಥಿ ವೃಷಣವಾಗುತ್ತದೆ. ಈ ಜೀನ್ ಪತ್ತೆಯಾದದ್ದು 1990ರಲ್ಲಿ. ವೃಷಣದ ಒಂದು ಹಾರ್ಮೋನು ಗರ್ಭಕೋಶವಾಗಬೇಕಿದ್ದ ನಾಳವನ್ನು ಕರಗಿಸುತ್ತದೆ. ಟೆಸ್ಟೋಸ್ಟಿರಾನ್ ಗಂಡಿನ ನಾಳವನ್ನು ಉಳಿಸಿಕೊಳ್ಳುತ್ತದೆ. ಎಸ್‌ಆರ್‌ವೈ ಇಲ್ಲದಿದ್ದರೆ ಅಂಡಾಶಯ. ಅದೂ ತಾನಾಗಿ ಆಗುವುದಲ್ಲ, ಅದಕ್ಕೂ ಬೇರೆ ಜೀನ್‌ಗಳು ದುಡಿಯಬೇಕು. ‘ಮೊದಲು ಎಲ್ಲರೂ ಹೆಣ್ಣು’ ಎನ್ನುವವರು ಮರೆಯುವುದು ಇದನ್ನೇ.

ಹೊರಗಿನ ಅಂಗಗಳ ಕಥೆ ಇನ್ನೂ ಸ್ವಾರಸ್ಯ. ಒಂದೇ ಮೊಗ್ಗು ಗಂಡಿನಲ್ಲಿ ಶಿಶ್ನ, ಹೆಣ್ಣಿನಲ್ಲಿ ಭಗಾಂಕುರ. ಹೆಣ್ಣಿನಲ್ಲಿ ಬಿಡಿಯಾಗಿಯೇ ಉಳಿದು ಯೋನಿಯ ಹೊರತುಟಿಗಳಾಗುವ ಮಡಿಕೆಗಳು ಗಂಡಿನಲ್ಲಿ ಬೆಸೆದುಕೊಂಡು ವೃಷಣಚೀಲವಾಗುತ್ತವೆ. ಚೀಲದ ನಡುವೆ ಹೊಲಿಗೆ ಹಾಕಿದಂತೆ ಕಾಣುವ ಗೆರೆ ಆ ಬೆಸುಗೆಯ ಗುರುತು. ಗಂಡಸರಿಗೆ ಮೊಲೆತೊಟ್ಟು ಏಕೆ ಎಂದರೆ, ಅದರ ಬುನಾದಿ ಬಿದ್ದದ್ದು ಈ ಕವಲು ಒಡೆಯುವ ಮೊದಲೇ.