ಮರದ ಮೇಲಿನ ಅಟ್ಟಣೆಗೆ ಯಾವ ಕ್ಯಾರಬಿನರ್ ಸೇಫ್?

ಕ್ಯಾರಬಿನರ್ ಅಂದರೆ ಹಗ್ಗ ಸಿಕ್ಕಿಸಲು ಒಂದು ಬದಿಯಲ್ಲಿ ಬಾಗಿಲಿರುವ ಲೋಹದ ಕೊಂಡಿ. ಆ ಬಾಗಿಲು ತಾನಾಗೇ ಲಾಕ್ ಆಗುವಂಥದ್ದನ್ನೇ ತಗೊಳ್ಳಿ. ಕೊಂಡಿಯ ಬೆನ್ನಿನ ಮೇಲೆ, ಅಂದರೆ ಬಾಗಿಲಿನ ಎದುರು ಬದಿಯಲ್ಲಿ, ಎಷ್ಟು ಎಳೆತ ತಡೆಯುತ್ತದೆ ಅನ್ನುವ ಕೆಎನ್ ಅಂಕಿ, ಜೊತೆಗೆ ಯುರೋಪಿನ ಸುರಕ್ಷತಾ ಮಾನದಂಡಗಳಾದ ಇಎನ್ 362 ಅಥವಾ ಇಎನ್ 12275 ಅಂತ ಅಚ್ಚಾಗಿರಬೇಕು. ಹಕ್ಕಿ ಫೋಟೋ ತೆಗೆಯಲು ತೋಟದ ಮರದಲ್ಲಿ ಅಟ್ಟಣೆ ಕಟ್ಟುತ್ತೇನೆ ಅಂದಿದ್ದೀರಿ. ಚಿಕ್ಕಪೇಟೆಯಲ್ಲಿ ಸಿಗುವ ಬಣ್ಣ ಬಣ್ಣದ ಕೀ ಚೈನ್ ಕೊಂಡಿ ನೋಡಲು ಹಾಗೇ ಇರುತ್ತದೆ, ಆದರೆ ಅದು ಬೀಗದ ಕೈಗೆ ಮಾತ್ರ.

ಒಂದು ಕೆಎನ್, ಅಂದರೆ ಕಿಲೋನ್ಯೂಟನ್, ಸುಮಾರು 100 ಕೆಜಿ ತೂಕದ ಎಳೆತ. ಉದ್ದಕ್ಕೆ ಎಳೆದರೆ 20 ಕೆಎನ್‌ಗೂ ಜಾಸ್ತಿ ತಡೆಯುವ ಕೊಂಡಿ, ಬಾಗಿಲು ತೆರೆದಿದ್ದರೆ ಬರೀ 7ರ ಆಸುಪಾಸಿಗೆ ಇಳಿದುಬಿಡುತ್ತದೆ, ಯಾಕಂದ್ರೆ ಮುಚ್ಚಿದಾಗ ಬೆನ್ನು, ಬಾಗಿಲು ಎರಡೂ ಸೇರಿ ಹೊರುವ ಭಾರವನ್ನು ಆಗ ಬೆನ್ನೊಂದೇ ಹೊರಬೇಕು. ಅಡ್ಡಕ್ಕೆ ಎಳೆದರೂ ಹೆಚ್ಚುಕಮ್ಮಿ ಅಷ್ಟೇ. ಮೂರೂ ಅಂಕಿ ಸಾಮಾನ್ಯವಾಗಿ ಕೊಂಡಿಯ ಮೇಲೇ ಇರುತ್ತವೆ, ನೋಡಿ ತಗೊಳ್ಳಿ.

ಮರದಲ್ಲಿ ತೊಗಟೆಯೋ ರೆಂಬೆಯೋ ಒತ್ತಿ ಬಾಗಿಲು ತೆರೆಯೋದು ಸುಲಭ ಅಲ್ವಾ, ಲಾಕ್ ಬೇಕಿರೋದು ಅದಕ್ಕೇ. ತಿರುಪಿನ ಲಾಕ್ ಕೂಡ ಗಟ್ಟಿಯೇ, ಆದರೆ ಬೆಳಗಿನ ಜಾವದ ಕತ್ತಲಲ್ಲಿ ತಿರುಗಿಸೋದು ಮರೆತೇ ಹೋಗುತ್ತದೆ. ಕೊಂಡಿಗೆ ಸುಮ್ನೆ ದುಡ್ಡು ಸುರಿದು ಸೊಂಟಕ್ಕೆ ಬರೀ ಬೆಲ್ಟ್ ಕಟ್ಟಬೇಡಿ. ಇಡೀ ಮೈಗೆ ಹಾಕುವ ಹಾರ್ನೆಸ್ ಬೇಕು. ಹಗ್ಗವನ್ನು ತಲೆಗಿಂತ ಮೇಲೆ ಕಟ್ಟಿ, ಸಡಿಲ ಬಿಡಬೇಡಿ. ಬೀಳುವ ದೂರ ಜಾಸ್ತಿಯಾದಷ್ಟೂ ಜಗ್ಗುವ ಏಟು ಜೋರಾಗುತ್ತದೆ.