ಖೋತಾ ಲೆಕ್ಕದ ಮೂರನೇ ಪ್ಯಾರಾ

ಪ್ರಿಯರೇ,

ರೋಶ್–ಸಿಪ್ಲಾ ಪೇಟೆಂಟ್ ವ್ಯಾಜ್ಯದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಸ್ವಿಟ್ಜರ್ಲೆಂಡಿನ ರೋಶ್ ಮಾರುತ್ತಿದ್ದ, ಪೇಟೆಂಟ್ ಇದ್ದ ಕ್ಯಾನ್ಸರ್ ಮಾತ್ರೆಯನ್ನು ಭಾರತದ ಸಿಪ್ಲಾ ಅಗ್ಗದಲ್ಲಿ ತಯಾರಿಸಿ ಮಾರಿದ ಪ್ರಕರಣ ಅದು. ಕನ್ನಡದಲ್ಲಿ ಇಂಥ ವಿಷಯ ಬರೆಯುವವರು ಕಡಿಮೆ, ಭಾಷೆಯೂ ಚೆನ್ನಾಗಿದೆ. ಆದರೆ ಮೂರನೇ ಪ್ಯಾರಾ ಓದಿ ಸಿಟ್ಟು ಬಂತು. ಅದರ ಬಗ್ಗೆ ಮಾತ್ರ ಬರೆಯುತ್ತೇನೆ.

‘ಸಿಪ್ಲಾ ಮಾರಿದ ಪ್ರತಿ ಮಾತ್ರೆಗೂ ರೋಶ್‌ಗೆ 4,800 ರೂಪಾಯಿ ಖೋತಾ’ ಅಂತ ಬರೆದಿದ್ದೀರಿ.

ಯಾವ ಲೆಕ್ಕ ಇದು? 2008ರಲ್ಲಿ ರೋಶ್‌ನ ಟಾರ್ಸೆವಾ ಮಾತ್ರೆ ಒಂದಕ್ಕೆ ಸುಮಾರು 4,800 ರೂಪಾಯಿ ಇತ್ತು, ಸಿಪ್ಲಾದ್ದು ಸುಮಾರು 1,600. ಶ್ವಾಸಕೋಶದ ಕ್ಯಾನ್ಸರ್‌ಗೆ ದಿನಕ್ಕೊಂದು ನುಂಗಬೇಕು. ತಿಂಗಳಿಗೆ ರೋಶ್‌ದಕ್ಕೆ 1.44 ಲಕ್ಷ, ಸಿಪ್ಲಾದ್ದಕ್ಕೆ 48 ಸಾವಿರ ಆಗುತ್ತಿತ್ತು. ಈ 48 ಸಾವಿರವನ್ನೇ ಸಾಲ ಮಾಡಿ ಹೊಂದಿಸಿದ ಮನೆಯವರು, ಸಿಪ್ಲಾ ಇಲ್ಲದಿದ್ದರೆ ಟಾರ್ಸೆವಾ ಕೊಳ್ಳುತ್ತಿದ್ದರಾ? ಮಾತ್ರೆ ಇಲ್ಲದೆಯೇ ಇರುತ್ತಿದ್ದರು. ಅವರು ಕೊಂಡದ್ದು ರೋಶ್ ಕಳೆದುಕೊಂಡ ವ್ಯಾಪಾರ ಅಲ್ಲ. ನೂರಕ್ಕೆ ಮೂವತ್ತು ಜನ ಟಾರ್ಸೆವಾ ಕೊಳ್ಳುತ್ತಿದ್ದರು ಅಂತಿಟ್ಟುಕೊಳ್ಳಿ. ಕೈತಪ್ಪಿದ ಲಾಭದ ಲೆಕ್ಕ ಆ ಮೂವತ್ತಕ್ಕೆ ಮಾತ್ರ. ಅದರಲ್ಲೂ ತಯಾರಿಸಿ ಮಾರುವ ಖರ್ಚು ಕಳೆಯಬೇಕು. ಉಳಿದ ಎಪ್ಪತ್ತಕ್ಕೆ ಹೆಚ್ಚೆಂದರೆ ರಾಯಧನ, ಅಂದರೆ ಪೇಟೆಂಟ್ ಬಳಸಿದ್ದಕ್ಕೆ ಕೊಡುವ ಶುಲ್ಕ, ಕೇಳಬಹುದು.

ಮುಂದಿನ ಸಾಲು: ‘ಇದರ ಮೇಲೆ ಸಿಪ್ಲಾ ಗಳಿಸಿದ ಲಾಭವೂ ರೋಶ್‌ಗೆ ಸೇರಬೇಕು.’ ಸೇರುವುದಿಲ್ಲ. ಪೇಟೆಂಟ್ ಕಾಯ್ದೆಯ 108ನೇ ಕಲಂ ನೋಡಿ. ನಷ್ಟ ಪರಿಹಾರ, ಇಲ್ಲವೇ ಎದುರಾಳಿಯ ಲಾಭ, ಎರಡರಲ್ಲಿ ಒಂದು. ಆಯ್ಕೆ ದಾವೆ ಹೂಡಿದವರದ್ದು.

ನಾನು ಪತ್ರಿಕೆಯ ಡೆಸ್ಕ್‌ಗೆ ಸೇರಿದ ಹೊಸದರಲ್ಲಿ ನಮ್ಮ ಸುದ್ದಿ ಸಂಪಾದಕರು ಕಾಪಿಯಲ್ಲಿನ ಪ್ರತಿ ಅಂಕಿಯ ಕೆಳಗೂ ಪೆನ್ಸಿಲ್‌ನಲ್ಲಿ ಗೆರೆ ಎಳೆಯುತ್ತಿದ್ದರು. ಪಕ್ಕದಲ್ಲಿ ‘ಯಾರ ಜೇಬಿಂದ? ಯಾರ ಜೇಬಿಗೆ?’ ಅಂತ ಬರೆದು ವಾಪಸ್ ಕೊಡುತ್ತಿದ್ದರು. ಉತ್ತರ ತರುವವರೆಗೆ ಕಾಪಿ ಮುಂದೆ ಹೋಗುತ್ತಿರಲಿಲ್ಲ. ಬಜೆಟ್ ದಿನವೂ ಅಷ್ಟೇ, ಎಷ್ಟು ಹೊತ್ತಾದರೂ ಬಿಡುತ್ತಿರಲಿಲ್ಲ. ನಿಮ್ಮ 4,800ರ ಕೆಳಗೆ ನಾನೂ ಗೆರೆ ಎಳೆದಿದ್ದೇನೆ.

ಇನ್ನೊಂದು ಸಾಲು: ‘2008ರಲ್ಲಿ ಕೋರ್ಟ್ ಕಳ್ಳನನ್ನು ಸುಮ್ನೆ ಬಿಟ್ಟಿತು.’ ಬಿಡಲಿಲ್ಲ. ದೆಹಲಿ ಹೈಕೋರ್ಟ್ ಆಗ ನಿರಾಕರಿಸಿದ್ದು ಮಧ್ಯಂತರ ತಡೆಯಾಜ್ಞೆಯನ್ನು, ಅಂದರೆ ಕೇಸು ಮುಗಿಯುವವರೆಗೆ ಸಿಪ್ಲಾ ಮಾರಾಟ ನಿಲ್ಲಿಸುವ ಆದೇಶವನ್ನು ಮಾತ್ರ. ಪೇಟೆಂಟ್ ಊರ್ಜಿತವೇ ಎಂಬ ಪ್ರಶ್ನೆಯೂ ಎದುರಿಗಿತ್ತು. ರೋಶ್‌ನ ನಷ್ಟವನ್ನು ಆಮೇಲೆ ದುಡ್ಡಿನಲ್ಲಿ ತುಂಬಿಕೊಡಬಹುದು, ಔಷಧ ಸಿಗದ ರೋಗಿಗೆ ಆಮೇಲೆ ಏನು ಕೊಟ್ಟರೂ ಆಗದು ಎಂಬುದು ನ್ಯಾಯಮೂರ್ತಿ ರವೀಂದ್ರ ಭಟ್ ಅವರ ವಾದದ ತಿರುಳು. 2015ರಲ್ಲಿ ಅದೇ ಹೈಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳ ವಿಭಾಗೀಯ ಪೀಠ ಸಿಪ್ಲಾ ಪೇಟೆಂಟ್ ಉಲ್ಲಂಘಿಸಿದೆ ಎಂದೇ ಹೇಳಿತು. ಪೇಟೆಂಟ್ ಅವಧಿ 2016ರ ಮಾರ್ಚ್‌ಗೆ ಮುಗಿಯುವುದರಲ್ಲಿತ್ತು. ಹಾಗಾಗಿ ಮಾರಾಟ ನಿಲ್ಲಿಸಲಿಲ್ಲ, ಲಾಭದ ಲೆಕ್ಕ ಒಪ್ಪಿಸಲು ಸಿಪ್ಲಾಗೆ ಹೇಳಿತು. ಮಾರಾಟ ನಿಲ್ಲಿಸೋದಾ, ದುಡ್ಡು ಕೊಡಿಸೋದಾ? ನಿಮ್ಮ ಲೇಖನದ ಜೀವ ಇಲ್ಲಿದೆ. ನೀವು ಅದನ್ನು ಒಂದೇ ಬೈಗುಳದಲ್ಲಿ ಮುಗಿಸಿದ್ದೀರಿ.

ಎರಡೂ ಆದೇಶ ಪೂರ್ತಿ ಓದಿ, ಆ ಪ್ಯಾರಾ ಹೊಸದಾಗಿ ಬರೆದು ಕಳಿಸಿ. ಸಿಪ್ಲಾ ಲಾಭ ಇಷ್ಟೇ ಅಂತ ಆಧಾರ ಸಿಗದಿದ್ದರೆ ಅಂಕಿ ಹಾಕಲೇಬೇಡಿ.