ಸೊಂಟ ಗಟ್ಟಿಯಾಗಲು ಜಿಮ್ ಬೇಕೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನಗೆ 46 ವರ್ಷ, ಕಾಫಿ ಬೆಳೆಗಾರ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಬಿಡದು, ವಾಕಿಂಗ್ ನಿಂತೇ ಹೋಗುತ್ತದೆ. ಹೊಟ್ಟೆ ಕರಗಲೆಂದು ಬೆಳಿಗ್ಗೆ ಎದ್ದ ಕೂಡಲೇ 50 ಸಿಟ್-ಅಪ್ಸ್ ಹೊಡೆಯುತ್ತಿದ್ದೆ. ಎರಡೇ ವಾರಕ್ಕೆ ಸೊಂಟ ಹಿಡಿದುಕೊಂಡಿತು. ಹತ್ತಿರದಲ್ಲಿ ಜಿಮ್ ಇಲ್ಲ. ಏನು ಮಾಡಲಿ?
- ಓದುಗರು, ನಾಪೋಕ್ಲು

ಉತ್ತರ: ಮೊದಲು ಸಿಟ್-ಅಪ್ಸ್ ನಿಲ್ಲಿಸಿ. ರಾತ್ರಿ ಮಲಗಿದಾಗ ಬೆನ್ನುಮೂಳೆಯ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ. ಎದ್ದ ಮೊದಲ ಒಂದು ಗಂಟೆಯಲ್ಲಿ ಬೆನ್ನು ಬಾಗಿಸಿದಷ್ಟೂ ಅವುಗಳ ಮೇಲೆ ಒತ್ತಡ. ಅದೂ ಅಲ್ಲದೆ, ಹೊಟ್ಟೆ-ಸೊಂಟದ ಸ್ನಾಯುಗಳಿಗಿರುವ ದೊಡ್ಡ ಕೆಲಸವೆಂದರೆ ಭಾರ ಬಿದ್ದಾಗ ಬೆನ್ನು ಬಾಗದಂತೆ ಹಿಡಿಯುವುದು. 50 ಕಿಲೋ ಕಾಫಿ ಚೀಲಕ್ಕೆ ಕೈ ಹಾಕುವವರಿಗೆ ಬೇಕಾದದ್ದು ಅದೇ.

ನೋವು ತಗ್ಗಿದ ಮೇಲೆ, ಕೆನಡಾದ ಬೆನ್ನುಮೂಳೆ ತಜ್ಞ ಸ್ಟುವರ್ಟ್ ಮೆಕ್‌ಗಿಲ್ ಆರಿಸಿಕೊಟ್ಟ ಮೂರು ಕಸರತ್ತು ಶುರುಮಾಡಿ. ಮಳೆಗಾಲದಲ್ಲಿ ನೆಲ ಬೆವರಿ ಜಾರುತ್ತದೆ. ಕಂಬಳಿಯನ್ನು ಎರಡು ಮಡಿಕೆ ಮಾಡಿ ಹಾಸಿಕೊಳ್ಳಿ, ಸಾಕ್ಸ್ ಬೇಡ.

ಒಂದನೆಯದು: ಅಂಗಾತ ಮಲಗಿ, ಒಂದು ಮೊಣಕಾಲು ಮಡಚಿ, ಇನ್ನೊಂದು ಕಾಲು ನೀಳವಾಗಿರಲಿ. ಎರಡೂ ಅಂಗೈ ಸೊಂಟದ ಕುಳಿಯ ಕೆಳಗೆ. ತಲೆ, ಭುಜ ನೆಲದಿಂದ ಎರಡು ಬೆರಳಿನಷ್ಟು ಎದ್ದರೆ ಸಾಕು. ಗದ್ದ ಎದೆಗೆ ಎಳೆದರೆ ಕತ್ತು ನೋಯುತ್ತದೆ. ಎರಡನೆಯದು: ಪಕ್ಕಕ್ಕೆ ಮಲಗಿ, ಮೊಣಕೈ ಭುಜದ ನೇರ ಕೆಳಗಿಟ್ಟು, ಮಡಚಿದ ಮೊಣಕಾಲುಗಳ ಆಧಾರದಲ್ಲಿ ಸೊಂಟ ಎತ್ತಿ. ಮೂರನೆಯದರಲ್ಲೇ ಹೆಚ್ಚಿನವರು ಎಡವುವುದು. ಅಂಬೆಗಾಲಿನಲ್ಲಿ ನಿಂತು ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಬೇಕು, ಆಮೇಲೆ ಅದಲುಬದಲು. ಕಾಲನ್ನು ಸೊಂಟಕ್ಕಿಂತ ಮೇಲೆ ಎತ್ತಿದರೆ ಬೆನ್ನು ಒಳಕ್ಕೆ ಬಾಗಿ, ಇದ್ದ ನೋವು ಜಾಸ್ತಿಯಾಗುತ್ತದೆ. ಬೆನ್ನಿನ ಉದ್ದಕ್ಕೆ ಲಟ್ಟಣಿಗೆ ಇಡಿಸಿಕೊಂಡು ನೋಡಿ. ಸೊಂಟ ಒಂದು ಕಡೆ ವಾಲಿದರೆ ಅದು ಉರುಳಿ ಬೀಳುತ್ತದೆ.

ಪ್ರತಿ ಸಲ 10 ಸೆಕೆಂಡ್ ಹಿಡಿಯಿರಿ. ಮೊದಲು 6 ಸಲ, ಅರ್ಧ ನಿಮಿಷ ವಿಶ್ರಾಂತಿ, ಆಮೇಲೆ 4, ಕೊನೆಗೆ 2. ದಣಿದಂತೆ ಎಣಿಕೆ ಇಳಿಯುವುದರಿಂದ ಭಂಗಿ ಕೆಡುವುದಿಲ್ಲ. ಉಸಿರು ಮಾತ್ರ ಕಟ್ಟಬೇಡಿ, ರಕ್ತದೊತ್ತಡ ಏರುತ್ತದೆ.

ಇನ್ನು ವಾಕಿಂಗ್ ಬದಲಿಗೆ: ಮನೆಯೊಳಗಿನ ಮೆಟ್ಟಿಲೊಂದನ್ನು ಹತ್ತಿ ಇಳಿಯಿರಿ, 10 ನಿಮಿಷದಂತೆ ದಿನಕ್ಕೆ ಮೂರು ಸಲ, ವಾರಕ್ಕೆ ಐದು ದಿನ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕನಿಷ್ಠ 150 ನಿಮಿಷ ಅಲ್ಲಿಗೆ ಆಯಿತು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ವೇಗ ಅಷ್ಟಿರಲಿ. ಅಂಗಳದ ಪಾಚಿಗಟ್ಟಿದ ಮೆಟ್ಟಿಲು ಬೇಡ.

ಹೊಟ್ಟೆಯ ಕಸರತ್ತಿನಿಂದ ಹೊಟ್ಟೆಯ ಬೊಜ್ಜಷ್ಟೇ ಕರಗುವುದಿಲ್ಲ. ಅದಕ್ಕೆ ಊಟದಲ್ಲೂ ಕೈ ಬಿಗಿ ಹಿಡಿಯಬೇಕು. ಪಂದಿಕರಿ ಬಿಡಿ ಎಂದು ಕೊಡಗಿನವರಿಗೆ ಹೇಳುವ ಧೈರ್ಯ ನಮಗಿಲ್ಲ. ಎರಡನೇ ಸಲ ಬಡಿಸಿಕೊಳ್ಳುವ ಕಡಂಬುಟ್ಟಿಗೆ ಬೇಡ ಎನ್ನಬಹುದು.

ನೋವು ಕಾಲಿಗೆ ಇಳಿದರೆ ವೈದ್ಯರಿಗೆ ತೋರಿಸಿ. ಕಾಲು ಬಲ ಕಳೆದುಕೊಂಡರೆ, ತೊಡೆಸಂದು ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ಅಂದೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಬೇಸಿಗೆಯ ಕೌಟುಂಬಿಕ ಹಾಕಿಗೆ ತಯಾರಾಗುತ್ತಿದ್ದೇನೆ. ಮೂರು ನಿಮಿಷ ಪ್ಲಾಂಕ್ (ಮೊಣಕೈ, ಕಾಲ್ಬೆರಳುಗಳ ಮೇಲೆ ಮೈಯನ್ನು ಹಲಗೆಯಂತೆ ನೇರವಾಗಿ ನಿಲ್ಲಿಸುವುದು) ಹಿಡಿಯಬಲ್ಲೆ. ಆದರೂ ಬಾಗಿ ಆಡುವಾಗ ಬೆನ್ನು ಸೋಲುತ್ತದೆ, ಯಾಕೆ?
- ಓದುಗರು, ಪೊನ್ನಂಪೇಟೆ

ಉತ್ತರ: ಆ ಮೂರು ನಿಮಿಷದಲ್ಲಿ ಕೊನೆಯ ಎರಡು ನಿಮಿಷ ಬಹುಶಃ ಸೊಂಟ ಜೋತುಬಿದ್ದಿರುತ್ತದೆ. 10 ಸೆಕೆಂಡ್‌ನ ಪ್ಲಾಂಕ್ ಎಂಟು ಸಲ ಮಾಡಿ, ಆದರೆ ಪೂರ್ತಿ ಬಿಗಿಯಾಗಿ: ಮುಷ್ಟಿ ಹಿಡಿದು, ಪೃಷ್ಠ ಬಿಗಿಮಾಡಿ, ಮೊಣಕೈಗಳನ್ನು ಕಾಲ್ಬೆರಳಿನತ್ತ ಎಳೆಯುವಂತೆ.

ನಿಮ್ಮ ತೊಂದರೆಯ ಬೇರು ಬಾಗುವ ರೀತಿಯಲ್ಲೂ ಇರಬಹುದು. ಬಿದಿರು ಕೋಲೊಂದನ್ನು ಬೆನ್ನಿಗೆ ಹಿಡಿದು, ತಲೆಯ ಹಿಂಭಾಗ, ಭುಜಗಳ ನಡು, ಬಾಲಮೂಳೆ ಮೂರಕ್ಕೂ ತಾಗಿರುವಂತೆ ಪೃಷ್ಠವನ್ನು ಹಿಂದಕ್ಕೆ ದೂಡುತ್ತಾ ಬಾಗಿ. 10ರಂತೆ ಎರಡು ಸುತ್ತು. ಒಂದು ಕಡೆ ಕೋಲು ಬಿಟ್ಟುಹೋದರೂ ನೀವು ಬೆನ್ನಿನಿಂದ ಬಾಗುತ್ತಿದ್ದೀರಿ. ಜತೆಗೆ ಹತ್ತು ಲೀಟರ್ ನೀರಿನ ಬಕೆಟನ್ನು ಒಂದೇ ಕೈಯಲ್ಲಿ ಹಿಡಿದು, ವಾಲದೆ 20 ಮೀಟರ್ ನಡೆಯಿರಿ, ಬರುವಾಗ ಕೈ ಬದಲಿಸಿ. ನಾಲ್ಕು ಸಲ ಸಾಕು. ಪಕ್ಕದ ಸ್ನಾಯುಗಳಿಗೆ ಇದಕ್ಕಿಂತ ಅಗ್ಗದ ಉಪಕರಣ ಇಲ್ಲ.

ಪ್ರಶ್ನೆ: ಹೆರಿಗೆಯಾಗಿ ಐದು ತಿಂಗಳು. ಅಮ್ಮ ಹೊಟ್ಟೆಗೆ ಬಟ್ಟೆ ಕಟ್ಟುತ್ತಿದ್ದಾರೆ, ಹೊಟ್ಟೆ ಇಳಿದಿಲ್ಲ. ಪ್ಲಾಂಕ್ ಮಾಡಬಹುದೇ?
- ಓದುಗರು, ವಿರಾಜಪೇಟೆ

ಉತ್ತರ: ಬಟ್ಟೆ ಆಧಾರ ಕೊಡುತ್ತದೆ, ಸ್ನಾಯುವಿಗೆ ಕೆಲಸ ಕೊಡುವುದಿಲ್ಲ. ಮೊಣಕಾಲು ಮಡಚಿ ಮಲಗಿ, ತಲೆ ತುಸು ಎತ್ತಿ, ಹೊಕ್ಕುಳ ಬಳಿ ಬೆರಳು ಅಡ್ಡಲಾಗಿಟ್ಟು ನೋಡಿ. ಎರಡು ಬೆರಳಿಗಿಂತ ಅಗಲದ ಸಂದಿಯಿದ್ದರೆ ಅಥವಾ ನಡುಗೆರೆ ಗುಡಾರದಂತೆ ಉಬ್ಬಿದರೆ ಪ್ಲಾಂಕ್, ಸಿಟ್-ಅಪ್ಸ್ ಸದ್ಯ ಬೇಡ. ನಿಧಾನ ಉಸಿರು ಬಿಡುತ್ತಾ ಕಿಬ್ಬೊಟ್ಟೆ ಒಳಗೆಳೆದು, ಮೂತ್ರ ತಡೆಯುವಾಗಿನಂತೆ ತಳದ ಸ್ನಾಯು ಬಿಗಿಮಾಡಿ 5 ಸೆಕೆಂಡ್ ಹಿಡಿಯಿರಿ. 10 ಸಲ, ದಿನಕ್ಕೆ ಮೂರು ಹೊತ್ತು. ಮೂತ್ರ ಮಾಡುವಾಗ ಇದನ್ನು ಅಭ್ಯಾಸ ಮಾಡಬಾರದು. ಸಿಸೇರಿಯನ್ ಆಗಿದ್ದರೆ ವೈದ್ಯರನ್ನು ಕೇಳಿಯೇ ಶುರುಮಾಡಿ. ಕೆಮ್ಮಿದಾಗ ಮೂತ್ರ ಸೋರುತ್ತಿದ್ದರೆ ಫಿಸಿಯೋಥೆರಪಿಸ್ಟರ ಬಳಿ ನಾಚಿಕೆಪಡದೆ ಹೇಳಿಕೊಳ್ಳಿ, ಅದಕ್ಕೆ ಪರಿಹಾರವಿದೆ.